ಮಂತ್ರ ಎಷ್ಟು ದೂರ, ಎಷ್ಟು ಹೊತ್ತು? – ಓದುಗರ ಪ್ರಶ್ನೆಗಳಿಗೆ ಉತ್ತರ

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆ ಬಂದ ಪತ್ರಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಕಾಣಿಸಿತು: ಮಂತ್ರ ಎಷ್ಟು ದೂರ ತಲುಪುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ? ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬೇರೆ ಆಟದ ಹೆಸರು ಹೇಳದ ಕಡೆಗಳಲ್ಲಿ ಉತ್ತರಗಳು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 2014ರ ಐದನೇ ಆವೃತ್ತಿಯನ್ನು ಆಧರಿಸಿವೆ.

ಪ್ರಶ್ನೆ: ಫೈರ್‌ಬಾಲ್ ಮಂತ್ರಕ್ಕೆ ರೇಂಜ್ 150 ಅಡಿ ಎಂದು ಬರೆದಿದೆ, ಕೆಳಗಿನ ವಿವರಣೆಯಲ್ಲಿ 20 ಅಡಿ ತ್ರಿಜ್ಯ ಎಂದೂ ಇದೆ. 165 ಅಡಿ ದೂರದಲ್ಲಿ ನಿಂತ ಶತ್ರುವಿಗೆ ಬೆಂಕಿ ತಾಗುತ್ತದೆಯೇ? ನಮ್ಮ ಗುಂಪಿನಲ್ಲಿ ಒಮ್ಮತವಿಲ್ಲ. (ಮೈಸೂರಿನ ಓದುಗರು)

ತಾಗುತ್ತದೆ. ರೇಂಜ್ ಎಂಬುದು ಮಾಂತ್ರಿಕ ನಿಂತ ಜಾಗದಿಂದ ಮಂತ್ರ ಹುಟ್ಟುವ ಬಿಂದುವಿನವರೆಗಿನ ಗರಿಷ್ಠ ದೂರ. ತ್ರಿಜ್ಯ ಎಂಬುದು ಆ ಬಿಂದುವಿನಿಂದ ಸುತ್ತಲೂ ಬೆಂಕಿ ಹರಡುವ ಅಳತೆ. ಬಿಂದುವನ್ನು 150 ಅಡಿಯ ಕೊನೆಯಲ್ಲಿ ಇಟ್ಟರೆ ಬೆಂಕಿಯ ಹೊರ ಅಂಚು 170 ಅಡಿಗೆ ಮುಟ್ಟುತ್ತದೆ. 165 ಅಡಿಯಲ್ಲಿ ನಿಂತವನು ಅದರೊಳಗೇ ಇರುತ್ತಾನೆ. ಹಾಗೆಯೇ ಮಾಂತ್ರಿಕ ಬಿಂದುವನ್ನು ತನ್ನಿಂದ 15 ಅಡಿ ದೂರದಲ್ಲಿ ಇಟ್ಟರೆ ತಾನೂ ಸುಟ್ಟುಕೊಳ್ಳುತ್ತಾನೆ, ಏಕೆಂದರೆ ಹಾಕಿದವನಿಗೆ ನಿಯಮದಲ್ಲಿ ಯಾವ ವಿನಾಯಿತಿಯೂ ಇಲ್ಲ.

ಅಡಿಗಳ ಲೆಕ್ಕ ಕಣ್ಣಿಗೆ ಕಟ್ಟದಿದ್ದರೆ ನಮ್ಮ ಊರುಗಳ ಮೂವತ್ತು–ನಲವತ್ತರ ಸೈಟನ್ನು ನೆನೆಸಿಕೊಳ್ಳಿ. ಅದರ ನಟ್ಟನಡುವೆ ಫೈರ್‌ಬಾಲ್ ಸಿಡಿದರೆ 40 ಅಡಿ ವ್ಯಾಸದ ಬೆಂಕಿ ಉದ್ದದ ಎರಡು ತುದಿಗಳನ್ನು ಮುಟ್ಟುತ್ತದೆ, ಅಗಲದಲ್ಲಿ ಆಚೀಚೆ ಐದೈದು ಅಡಿ ಹೊರಗೂ ಚಾಚುತ್ತದೆ. ಆದರೆ ನಾಲ್ಕು ಮೂಲೆಗಳು ನಡುವಿನಿಂದ 25 ಅಡಿ ದೂರವಿರುವುದರಿಂದ ಅಲ್ಲಿ ಒತ್ತಿ ನಿಂತವರು ಪಾರಾಗುತ್ತಾರೆ. ಈ ಚಿತ್ರ ಮನಸ್ಸಿನಲ್ಲಿದ್ದರೆ ಶತ್ರುಗಳ ನಡುವೆ ಸಿಕ್ಕಿಕೊಂಡ ಸ್ನೇಹಿತನನ್ನು ಉಳಿಸಿ ಬಿಂದುವನ್ನು ಎಲ್ಲಿಡಬೇಕೆಂಬ ಲೆಕ್ಕಾಚಾರ ಸುಲಭವಾಗುತ್ತದೆ.

ಇನ್ನೊಂದು ಮಾತು. ದೂರ ಸಾಲುತ್ತದೆ ಎಂದ ಮಾತ್ರಕ್ಕೆ ಮಂತ್ರ ತಲುಪುವುದಿಲ್ಲ. ನಡುವೆ ಅಡ್ಡವಿಲ್ಲದ ದಾರಿಯೂ ಬೇಕು. ಕಾಣದ ಜಾಗದಲ್ಲಿ ಬಿಂದುವನ್ನು ಇಡಲು ಹೋಗಿ ನಡುವೆ ಗೋಡೆ ಬಂದರೆ, ಬಿಂದು ಗೋಡೆಯ ಈಚೆ ಬದಿಯಲ್ಲೇ, ಅಂದರೆ ನಿಮ್ಮ ಬದಿಯಲ್ಲೇ, ಹುಟ್ಟುತ್ತದೆ. ಕತ್ತಲೆಯ ಸುರಂಗದಲ್ಲಿ ಅಂದಾಜಿನ ಮೇಲೆ ಫೈರ್‌ಬಾಲ್ ಎಸೆಯುವವರು ಇದನ್ನು ಮೊದಲೇ ತಿಳಿದಿರಬೇಕು.

ಪ್ರಶ್ನೆ: ನನ್ನ ಪಾತ್ರ ತಂಡದ ಕಳ್ಳನನ್ನು ಮುಟ್ಟಿ, ಅದೃಶ್ಯಗೊಳಿಸುವ ಇನ್ವಿಸಿಬಿಲಿಟಿ ಮಂತ್ರ ಹಾಕಿತು. ಅವನು ಕೋಟೆಯೊಳಗೆ ಹೋದ ತಕ್ಷಣ, ಆಟ ನಡೆಸುವ ನಮ್ಮ ಡಂಜನ್ ಮಾಸ್ಟರ್ ‘ಇದರ ರೇಂಜ್ ಸ್ಪರ್ಶ ಮಾತ್ರ, ದೂರ ಹೋದದ್ದರಿಂದ ಮಂತ್ರ ಮುಗಿಯಿತು’ ಎಂದರು. ಇದು ಸರಿಯೇ? (ಹುಬ್ಬಳ್ಳಿಯ ಓದುಗರು)

ಸರಿಯಲ್ಲ, ಮತ್ತು ಇದು ಇಡೀ ವಿಷಯದಲ್ಲೇ ಅತಿ ಮುಖ್ಯವಾದ ಅಂಶವಾದ್ದರಿಂದ ನಿಮ್ಮ ಪ್ರಶ್ನೆಗೆ ನಾನು ಕೃತಜ್ಞ. ರೇಂಜನ್ನು ನೋಡುವುದು ಮಂತ್ರ ಹಾಕುವ ಆ ಗಳಿಗೆಯಲ್ಲಿ ಮಾತ್ರ. ಒಮ್ಮೆ ಮಂತ್ರ ನೆಲೆಗೊಂಡ ಮೇಲೆ, ಅದರ ವಿವರಣೆಯಲ್ಲೇ ಬೇರೆ ಮಾತಿಲ್ಲದಿದ್ದರೆ, ರೇಂಜ್ ಅದನ್ನು ಕಟ್ಟಿಹಾಕುವುದಿಲ್ಲ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಮಾಂತ್ರಿಕನ ಏಕಾಗ್ರತೆಗೂ, ಅಂದರೆ ಕಾನ್ಸಂಟ್ರೇಶನ್‌ಗೂ, ದೂರದ ಮಿತಿಯಿಲ್ಲ. ನೀವು ಹೊರಗಿನ ಮರದ ಕೆಳಗೆ ಕುಳಿತು ಮನಸ್ಸನ್ನು ಅದರಲ್ಲೇ ನಿಲ್ಲಿಸಿರುವವರೆಗೆ, ಒಂದು ಗಂಟೆಯ ಗಡುವಿನೊಳಗೆ, ನಿಮ್ಮ ಸ್ನೇಹಿತ ಕೋಟೆಯ ನೆಲಮಾಳಿಗೆಯಲ್ಲಿದ್ದರೂ ಅದೃಶ್ಯನಾಗಿಯೇ ಇರುತ್ತಾನೆ. ಅವನು ಯಾರ ಮೇಲಾದರೂ ದಾಳಿ ಮಾಡಿದರೆ ಅಥವಾ ತಾನೇ ಒಂದು ಮಂತ್ರ ಹಾಕಿದರೆ ಮಾತ್ರ ಅದು ಅಲ್ಲಿಗೇ ಕಳಚುತ್ತದೆ.

ವಿನಾಯಿತಿಗಳು ಇವೆ, ಆದರೆ ಅವು ತಮ್ಮ ವಿವರಣೆಯಲ್ಲೇ ಅದನ್ನು ಹೇಳುತ್ತವೆ. ವಿಚ್ ಬೋಲ್ಟ್ ಎಂಬ ಮಿಂಚಿನ ಮಂತ್ರದಲ್ಲಿ ಗುರಿಯಾದವನು 30 ಅಡಿಯ ರೇಂಜಿನಿಂದ ಹೊರಗೆ ಹೋದರೆ, ಅಥವಾ ಪೂರ್ತಿ ಮರೆಗೆ ಸರಿದರೆ, ಮಿಂಚಿನ ಎಳೆ ಕಡಿದುಹೋಗುತ್ತದೆ. ಅಂತಹ ಸಾಲು ಇನ್ವಿಸಿಬಿಲಿಟಿಯ ವಿವರಣೆಯಲ್ಲಿಲ್ಲ. ನಿಮ್ಮ ಡಂಜನ್ ಮಾಸ್ಟರ್ ಅವರೊಂದಿಗೆ ವಾದಕ್ಕೆ ನಿಲ್ಲದೆ, ಈ ಎರಡು ಮಂತ್ರಗಳ ವಿವರಣೆಯನ್ನು ಅಕ್ಕಪಕ್ಕ ಇಟ್ಟು ಓದಲು ವಿನಂತಿಸಿ. ತಂಡದಿಂದ ಬೇರೆಯಾಗಿ ಒಬ್ಬನೇ ಒಳನುಗ್ಗುವ ಧೈರ್ಯಕ್ಕೆ ಈ ಮಂತ್ರವೇ ಆಧಾರ. ಅದನ್ನು ಹೊಸ್ತಿಲಲ್ಲೇ ಕಿತ್ತುಕೊಂಡರೆ ಆಟದ ಒಂದು ಒಳ್ಳೆಯ ಸಾಹಸವೇ ಇಲ್ಲವಾಗುತ್ತದೆ.

ಪ್ರಶ್ನೆ: 1978ರ ಹಳೆಯ ನಿಯಮ ಪುಸ್ತಕವೊಂದನ್ನು ನೋಡಿದೆ. ಅದರಲ್ಲಿ ಫೈರ್‌ಬಾಲ್‌ನ ರೇಂಜ್ ‘10 ಇಂಚು, ಜೊತೆಗೆ ಲೆವೆಲ್‌ಗೆ (ಪಾತ್ರ ಏರುವ ಪ್ರತಿ ಹಂತಕ್ಕೆ) ಒಂದೊಂದು ಇಂಚು’ ಎಂದಿದೆ. ಬೆಂಕಿಯುಂಡೆ ಇಂಚುಗಳ ಲೆಕ್ಕದಲ್ಲಿ ಹೋಗುವುದು ಹೇಗೆ? (ತುಮಕೂರಿನ ಓದುಗರು)

ಆ ಇಂಚು ಕಥೆಯೊಳಗಿನ ಇಂಚಲ್ಲ, ಮೇಜಿನ ಮೇಲಿನ ಇಂಚು. ಈ ಆಟ ಹುಟ್ಟಿದ್ದು ಪುಟ್ಟ ಲೋಹದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಆಡುತ್ತಿದ್ದ ಯುದ್ಧದಾಟಗಳಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಪ್ರಕಟಿಸಿದ ‘ಚೈನ್‌ಮೇಲ್’ ಮಧ್ಯಯುಗದ ಕದನಗಳ ನಿಯಮಗಳ ಕಿರುಹೊತ್ತಿಗೆ. ಅದರ ಕೊನೆಗೆ ಸೇರಿಸಿದ ಫ್ಯಾಂಟಸಿ ಭಾಗದಲ್ಲಿ ಮಾಂತ್ರಿಕನ ಬೆಂಕಿಯುಂಡೆ ಎಷ್ಟು ಜಾಗವನ್ನು ಆವರಿಸುತ್ತದೆ ಎಂಬುದನ್ನು, ಕಲ್ಲು ತೂರುವ ದೊಡ್ಡ ಯಂತ್ರದ ಏಟು ಬೀಳುವ ಜಾಗಕ್ಕೆ ಸಮ ಎಂದು ನಿಗದಿ ಮಾಡಲಾಗಿತ್ತು. 1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗ ಅಳತೆಪಟ್ಟಿಯ ಇಂಚು ಹಾಗೆಯೇ ಮುಂದುವರಿಯಿತು. ನೆಲದಡಿಯ ಸುರಂಗಗಳಲ್ಲಿ ಒಂದು ಇಂಚು ಎಂದರೆ 10 ಅಡಿ, ಬಯಲಿನಲ್ಲಿ ಒಂದು ಇಂಚು ಎಂದರೆ 10 ಗಜ.

ಈಗ ನಿಮ್ಮ ಪುಸ್ತಕದ ಲೆಕ್ಕ ಹಾಕೋಣ. ಆ ನಿಯಮಗಳಲ್ಲಿ ಮಾಂತ್ರಿಕನಿಗೆ ಫೈರ್‌ಬಾಲ್ ದಕ್ಕುವುದು ಐದನೇ ಲೆವೆಲ್‌ನಲ್ಲಿ. ಹತ್ತಕ್ಕೆ ಐದು ಸೇರಿ 15 ಇಂಚು. ಅಂದರೆ ಸುರಂಗದಲ್ಲಿ 150 ಅಡಿ, ಬಯಲಿನಲ್ಲಿ 150 ಗಜ ಅಥವಾ 450 ಅಡಿ. ಇಂದಿನ ಪುಸ್ತಕದಲ್ಲಿರುವ 150 ಅಡಿಯೂ ಇದೇ ಸಂಖ್ಯೆ ಎಂಬುದನ್ನು ಗಮನಿಸಿ. ಆದರೆ ಬಯಲಿಗೆ ಬಂದಾಗ ರೇಂಜ್ ಮಾತ್ರ ಗಜಕ್ಕೆ ಬದಲಾಗುತ್ತಿತ್ತು. ಬೆಂಕಿ ಹರಡುವ ಜಾಗ ಅಡಿಗಳಲ್ಲೇ ಉಳಿಯಬೇಕೆಂದು ಪುಸ್ತಕ ಒತ್ತಿ ಹೇಳಿತ್ತು. ಇಲ್ಲದಿದ್ದರೆ ಒಂದೇ ಮಂತ್ರಕ್ಕೆ ಒಂದಿಡೀ ದಂಡು ಬೂದಿಯಾಗುತ್ತಿತ್ತು.

ಆ ಕಾಲದ ಫೈರ್‌ಬಾಲ್‌ಗೆ ಇನ್ನೂ ಒಂದು ಗುಣವಿತ್ತು, ಮತ್ತು ನನಗೆ ಅದು ಇಂದಿಗೂ ಬಹಳ ಇಷ್ಟ. ಬೆಂಕಿ ಸುಮಾರು 33,000 ಘನ ಅಡಿ ಜಾಗವನ್ನು ತುಂಬಿಯೇ ತೀರುತ್ತಿತ್ತು. ತೆರೆದ ಜಾಗದಲ್ಲಿ ಅದು 20 ಅಡಿ ತ್ರಿಜ್ಯದ ಗೋಳ. ಆದರೆ 10 ಅಡಿ ಅಗಲ, 10 ಅಡಿ ಎತ್ತರದ ಸುರಂಗದಲ್ಲಿ ಅದೇ ಗಾತ್ರದ ಬೆಂಕಿಗೆ 330 ಅಡಿ ಉದ್ದದ ದಾರಿ ಬೇಕಾಗುತ್ತದೆ. ಎರಡೂ ಕಡೆ ಸಮನಾಗಿ ಹರಿದರೆ ಒಂದೊಂದು ಕಡೆಗೆ 165 ಅಡಿ. 150 ಅಡಿ ದೂರಕ್ಕೆ ಎಸೆದು ನಿಶ್ಚಿಂತೆಯಿಂದ ನಿಂತಿದ್ದ ಐದನೇ ಲೆವೆಲ್‌ನ ಮಾಂತ್ರಿಕನನ್ನು ಅವನದೇ ಬೆಂಕಿ ಬಂದು ಮುಟ್ಟುತ್ತಿತ್ತು! ಹೊಸ ಆವೃತ್ತಿಗಳಲ್ಲಿ ಈ ಲೆಕ್ಕವಿಲ್ಲ. ಆಟ ವೇಗವಾಗಿದೆ ಎಂಬುದು ನಿಜ, ಆದರೆ ಮಂತ್ರ ಹಾಕುವ ಮುನ್ನ ಛಾವಣಿ ಎಷ್ಟು ಎತ್ತರವಿದೆ ಎಂದು ಕೇಳುವ ಎಚ್ಚರವೂ ಅದರೊಂದಿಗೆ ಕಡಿಮೆಯಾಗಿದೆ.

ಕಾಲದ ಅಳತೆಯೂ ಹೀಗೆಯೇ ಬದಲಾಯಿತು. ನಿಮ್ಮ ಪುಸ್ತಕದಲ್ಲಿ ಒಂದು ರೌಂಡ್ (ಕಾಳಗದಲ್ಲಿ ಎಲ್ಲರಿಗೂ ಒಂದೊಂದು ಸರದಿ ಸಿಗುವ ಸುತ್ತು) ಎಂದರೆ ಒಂದು ನಿಮಿಷ, ಹತ್ತು ರೌಂಡ್ ಸೇರಿದರೆ ಒಂದು ಟರ್ನ್. 2000ದಲ್ಲಿ ಬಂದ ಮೂರನೇ ಆವೃತ್ತಿ ರೌಂಡನ್ನು ಆರು ಸೆಕೆಂಡಿಗೆ ಇಳಿಸಿತು. ರೇಂಜನ್ನು ಸಮೀಪ, ಮಧ್ಯಮ, ದೂರ ಎಂಬ ಕೆಲವು ವರ್ಗಗಳಿಗೆ ತಂದು, ಪ್ರತಿ ವರ್ಗವೂ ಮಾಂತ್ರಿಕನ ಲೆವೆಲ್ ಜೊತೆ ಬೆಳೆಯುವಂತೆ ಮಾಡಿತು: ದೂರದ ವರ್ಗಕ್ಕೆ 400 ಅಡಿ, ಜೊತೆಗೆ ಲೆವೆಲ್‌ಗೆ 40 ಅಡಿ. 2008ರ ನಾಲ್ಕನೇ ಆವೃತ್ತಿ ಅಡಿಗಳನ್ನು ಬಿಟ್ಟು ಚೌಕದ ಮನೆಗಳನ್ನು ಎಣಿಸಿತು. ಐದನೆಯದು ಅಡಿಗೆ ಮರಳಿ, ಸಂಖ್ಯೆಯನ್ನು ಎಲ್ಲರಿಗೂ ಒಂದೇ ಎಂದು ನಿಲ್ಲಿಸಿತು.

ಪ್ರಶ್ನೆ: ನನ್ನ ಪುರೋಹಿತ ಪಾತ್ರ, ಸಂಗಾತಿಗಳ ದಾಳಕ್ಕೆ ಬಲ ಕೊಡುವ ಬ್ಲೆಸ್ ಮಂತ್ರ ಹಾಕಿದ ಮರುಕ್ಷಣವೇ ಏಟು ತಿಂದು ಕಾನ್ಸಂಟ್ರೇಶನ್ ಕಳೆದುಕೊಳ್ಳುತ್ತದೆ. ‘ಒಂದು ನಿಮಿಷ’ ಎಂದು ಬರೆದಿದ್ದರೂ ನನಗೆ ಎರಡು ರೌಂಡ್ ಸಹ ಸಿಗುವುದಿಲ್ಲ. ಇಂತಹ ಮಂತ್ರಗಳಿಂದ ಏನು ಪ್ರಯೋಜನ? (ಶಿವಮೊಗ್ಗದ ಓದುಗರು)

ಪುಸ್ತಕದಲ್ಲಿರುವುದು ‘ಹೆಚ್ಚೆಂದರೆ ಒಂದು ನಿಮಿಷ’ ಎಂದು. ಅದು ಮೇಲ್ಮಿತಿಯೇ ಹೊರತು ಭರವಸೆಯಲ್ಲ. ನಿಮಗೆ ಏಟು ಬಿದ್ದಾಗಲೆಲ್ಲ ಕಾನ್ಸ್ಟಿಟ್ಯೂಶನ್ ಸೇವಿಂಗ್ ಥ್ರೋ (ಪಾತ್ರದ ದೇಹಬಲ ತಡೆದುಕೊಳ್ಳುತ್ತದೆಯೇ ಎಂದು ನೋಡುವ ದಾಳದ ಎಸೆತ) ಮಾಡಬೇಕು. ಗೆಲ್ಲಬೇಕಾದ ಸಂಖ್ಯೆ 10 ಅಥವಾ ಬಿದ್ದ ಪೆಟ್ಟಿನ ಅಂಕದ ಅರ್ಧ, ಎರಡರಲ್ಲಿ ಯಾವುದು ದೊಡ್ಡದೋ ಅದು. 18 ಅಂಕದ ಪೆಟ್ಟಿಗೆ 10, 30 ಅಂಕದ ಪೆಟ್ಟಿಗೆ 15. 2024ರ ಪರಿಷ್ಕರಣೆ ಗೆಲ್ಲಬೇಕಾದ ಈ ಸಂಖ್ಯೆಗೆ 30ರ ಮೇಲ್ಮಿತಿ ಹಾಕಿದೆ. ಒಂದೇ ರೌಂಡಿನಲ್ಲಿ ಮೂರು ಬಾಣ ತಾಗಿದರೆ ಮೂರು ಸಲ ದಾಳ ಎಸೆಯಬೇಕು, ಒಟ್ಟು ಮೊತ್ತಕ್ಕೆ ಒಂದೇ ಸಲವಲ್ಲ.

ನಿಮ್ಮ ನಷ್ಟ ಎಲ್ಲಾಗುತ್ತಿದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ದಾಳದ ಸಂಖ್ಯೆಗೆ ಕೂಡಿಸುವ ನಿಮ್ಮ ಪಾತ್ರದ ಬೋನಸ್ 2 ಎಂದಿಟ್ಟುಕೊಳ್ಳಿ. 10 ಗೆಲ್ಲಲು ಇಪ್ಪತ್ತು ಮುಖದ ದಾಳದಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಆ ಸಾಧ್ಯತೆ ಶೇ 65. ಎರಡು ಏಟುಗಳನ್ನೂ ದಾಟುವ ಸಾಧ್ಯತೆ ಸುಮಾರು ಶೇ 42, ಮೂರನ್ನೂ ದಾಟುವುದು ಶೇ 27. ಅಂದರೆ ದಾಳ ಚೆನ್ನಾಗಿ ಬೀಳಲಿ ಎಂದು ಆಶಿಸುವುದಕ್ಕಿಂತ ಏಟೇ ಬೀಳದಂತೆ ನಿಲ್ಲುವುದು ಲಾಭ. ಬ್ಲೆಸ್‌ನ ರೇಂಜ್ 30 ಅಡಿ, ಅಂದರೆ ಸಾಮಾನ್ಯ ಪಾತ್ರವೊಂದು ಒಂದು ರೌಂಡಿನಲ್ಲಿ ನಡೆಯುವ ದೂರ. ಮುಂಚೂಣಿಯ ಹಿಂದೆ ನಿಂತು ಮೂವರಿಗೆ ಮಂತ್ರ ಹಾಕಿ, ಮರುಸರದಿಯಲ್ಲಿ ಕಂಬದ ಮರೆಗೆ ಸರಿಯಿರಿ. ಇನ್ವಿಸಿಬಿಲಿಟಿಯ ಉತ್ತರದಲ್ಲಿ ಹೇಳಿದಂತೆ, ಹಾಕಿದ ಮೇಲೆ ನೀವು ಎಷ್ಟು ದೂರ ಹೋದರೂ ಮಂತ್ರಕ್ಕೆ ಭಂಗವಿಲ್ಲ. ರೇಂಜಿನ ನಿಯಮವೇ ಇಲ್ಲಿ ಅವಧಿಯನ್ನು ಕಾಪಾಡುತ್ತದೆ. ಇವೆರಡನ್ನು ಬೇರೆ ಬೇರೆ ಅಂಕಿಗಳೆಂದು ನೋಡುವವರಿಗೆ ಈ ದಾರಿ ಕಾಣುವುದಿಲ್ಲ.

ವಾರ್ ಕ್ಯಾಸ್ಟರ್ ಎಂಬ ಫೀಟ್ (ವಿಶೇಷ ಸಾಮರ್ಥ್ಯ) ಪಡೆದರೆ ಈ ಎಸೆತಕ್ಕೆ ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದು. ಶೇ 65 ಆಗ ಸುಮಾರು ಶೇ 88 ಆಗುತ್ತದೆ. ಏಟಿಗೆ ಸಂಬಂಧವಿಲ್ಲದೆಯೂ ಏಕಾಗ್ರತೆ ಮುರಿಯುವ ಸಂದರ್ಭಗಳಿವೆ. ಕಾನ್ಸಂಟ್ರೇಶನ್ ಬೇಡುವ ಇನ್ನೊಂದು ಮಂತ್ರ ಹಾಕಿದರೆ ಮೊದಲನೆಯದು ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಕಲು ಒಂದು ಆಕ್ಷನ್‌ಗಿಂತ (ಒಂದು ಸರದಿಯ ಮುಖ್ಯ ಕ್ರಿಯೆಗಿಂತ) ಹೆಚ್ಚು ಸಮಯ ತೆಗೆದುಕೊಳ್ಳುವ ಯಾವ ಮಂತ್ರವೂ, ರಿಚುವಲ್ ಆಗಿ (ವಿಧಿಯಂತೆ ನಿಧಾನವಾಗಿ ಹಾಕಿ) ಹತ್ತು ನಿಮಿಷ ಹೆಚ್ಚು ತೆಗೆದುಕೊಳ್ಳುವುದೂ ಸೇರಿ, ಆ ಹೊತ್ತಿನುದ್ದಕ್ಕೂ ಏಕಾಗ್ರತೆಯನ್ನು ಕೇಳುತ್ತದೆ ಎಂಬುದನ್ನು ಮಾತ್ರ ಅನುಭವಿ ಆಟಗಾರರೂ ಮರೆಯುತ್ತಾರೆ.

ಈ ಕಟ್ಟುಪಾಡು ಕಠಿಣವೆನಿಸಿದರೂ ನಾನು ಅದರ ಪರ. ಮೂರನೇ ಆವೃತ್ತಿಯಲ್ಲಿ ಬಹಳಷ್ಟು ಮಂತ್ರಗಳಿಗೆ ಏಕಾಗ್ರತೆ ಬೇಕಿರಲಿಲ್ಲ. ಬಾಗಿಲು ಒಡೆಯುವ ಮುನ್ನ ಒಂದರ ಮೇಲೊಂದು ಮಂತ್ರಗಳನ್ನು ಹೊದ್ದುಕೊಂಡ ತಂಡ ಒಳಹೊಕ್ಕರೆ ಎದುರಾಳಿಗೆ ಉತ್ತರವೇ ಇರುತ್ತಿರಲಿಲ್ಲ, ಮತ್ತು ಅಷ್ಟೂ ಬೋನಸ್‌ಗಳನ್ನು ಕೂಡಿಸಲು ಒಂದು ಹಾಳೆಯೇ ಬೇಕಾಗುತ್ತಿತ್ತು. ಈಗ ಮಾಂತ್ರಿಕ ಒಂದನ್ನು ಆರಿಸಬೇಕು, ಅದನ್ನು ಕಾಯಬೇಕು.

ಪ್ರಶ್ನೆ: ಸ್ಪರ್ಶದ ಮಂತ್ರವನ್ನು ದೂರದಿಂದ ಹಾಕಲು ಏನಾದರೂ ಮಾರ್ಗವಿದೆಯೇ? (ಮಂಗಳೂರಿನ ಓದುಗರು)

ಎರಡು ಮಾರ್ಗಗಳಿವೆ. ಫೈಂಡ್ ಫೆಮಿಲಿಯರ್ ಮಂತ್ರದಿಂದ ಪಡೆದ ಗೂಬೆಯೋ ಬೆಕ್ಕೋ ನಿಮ್ಮಿಂದ 100 ಅಡಿಯೊಳಗೆ ಇದ್ದರೆ, ಅದು ತನ್ನ ರಿಯಾಕ್ಷನ್ (ಸರದಿಯಿಲ್ಲದಾಗಲೂ ಮಾಡಬಹುದಾದ ದಿಢೀರ್ ಕ್ರಿಯೆ) ಬಳಸಿ ನಿಮ್ಮ ಪರವಾಗಿ ಮುಟ್ಟಬಲ್ಲದು. ಸಾರ್ಸರರ್ ಎಂಬ ಬಗೆಯ ಮಾಂತ್ರಿಕ ಪಾತ್ರವಾದರೆ, ಮಂತ್ರವನ್ನೇ ಮಾರ್ಪಡಿಸುವ ಡಿಸ್ಟಂಟ್ ಸ್ಪೆಲ್ ಎಂಬ ಮೆಟಾಮ್ಯಾಜಿಕ್ ಸ್ಪರ್ಶದ ಮಂತ್ರವನ್ನು 30 ಅಡಿಗೆ ಚಾಚುತ್ತದೆ. ಮಾಂತ್ರಿಕನೇ ಗುರಿಯಾಗಿರುವ, ರೇಂಜ್ ‘ಸೆಲ್ಫ್’ ಎಂದಿರುವ ಮಂತ್ರಗಳಿಗೆ ಇವೆರಡೂ ಅನ್ವಯಿಸುವುದಿಲ್ಲ.

ಪ್ರಶ್ನೆ: ‘ಇನ್‌ಸ್ಟಂಟೇನಿಯಸ್’ ಎಂದು ಬರೆದಿರುವ ಮಂತ್ರಗಳ ಪರಿಣಾಮ ಕ್ಷಣದಲ್ಲಿ ಮಾಯವಾಗಬೇಕಲ್ಲವೇ? ಹಾಗಿದ್ದರೆ ವಾಸಿಯಾದ ಗಾಯ ವಾಸಿಯಾಗಿಯೇ ಉಳಿಯುವುದು ಹೇಗೆ? (ಉಡುಪಿಯ ಓದುಗರು)

ಕ್ಷಣದಲ್ಲಿ ಮುಗಿಯುವುದು ಮಂತ್ರಶಕ್ತಿ; ಅದು ಮಾಡಿದ ಕೆಲಸ ಉಳಿಯುತ್ತದೆ. ಕ್ಯೂರ್ ವೂಂಡ್ಸ್ ಗಾಯವನ್ನು ಕೂಡಿಸಿ ಹೊರಟುಹೋಗುತ್ತದೆ, ಆಮೇಲೆ ಅಲ್ಲಿರುವುದು ಸಾಮಾನ್ಯ ಚರ್ಮವೇ. ಹಾಗಾಗಿ ಮಂತ್ರಗಳನ್ನು ಕಳಚುವ ಡಿಸ್ಪೆಲ್ ಮ್ಯಾಜಿಕ್ ಹಾಕಿ ಗಾಯವನ್ನು ಮತ್ತೆ ತೆರೆಯಲಾಗದು. ಕಳಚಲು ಅಲ್ಲಿ ಮಂತ್ರವೇ ಉಳಿದಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಕಂಟಿನ್ಯುಯಲ್ ಫ್ಲೇಮ್. ಅದರ ಜ್ವಾಲೆ ಯಾರಾದರೂ ಕಳಚುವವರೆಗೆ ಉರಿಯುತ್ತಲೇ ಇರುತ್ತದೆ, ಆದರೆ ಅದನ್ನು ಹಿಡಿದಿಟ್ಟಿರುವುದು ಮಂತ್ರಶಕ್ತಿಯಾದ್ದರಿಂದ ಒಂದು ಡಿಸ್ಪೆಲ್ ಮ್ಯಾಜಿಕ್ ಅದನ್ನು ನಂದಿಸಬಲ್ಲದು.

ಇವೆರಡರ ನಡುವೆ ನಿಲ್ಲುವ ವಾಲ್ ಆಫ್ ಸ್ಟೋನ್ ನನಗೆ ಅತ್ಯಂತ ಸುಂದರವಾಗಿ ಕಾಣುತ್ತದೆ. ಹತ್ತು ನಿಮಿಷ ಪೂರ್ತಿ ಏಕಾಗ್ರತೆ ಕಾಯ್ದುಕೊಂಡರೆ ಆ ಕಲ್ಲಿನ ಗೋಡೆ ಶಾಶ್ವತವಾಗುತ್ತದೆ, ಆಮೇಲೆ ಅದನ್ನು ಮಂತ್ರದಿಂದ ಕಳಚಲಾಗದು. ಒಂಬತ್ತನೇ ನಿಮಿಷದಲ್ಲಿ ಮನಸ್ಸು ಕದಲಿದರೆ ಗೋಡೆ ಇಲ್ಲವಾಗುತ್ತದೆ. ಆ ಹತ್ತು ನಿಮಿಷ ಮಾಂತ್ರಿಕನನ್ನು ಸುತ್ತುವರಿದು ಕಾಯುವ ತಂಡದ ಹೋರಾಟವನ್ನು ಒಂದಿಡೀ ಸಂಜೆಯ ಆಟವಾಗಿ ಕಟ್ಟಬಹುದು.

ಪ್ರಶ್ನೆ: ಅಡಿ, ನಿಮಿಷಗಳ ಲೆಕ್ಕ ಕಥೆಗೆ ಹೊರಗಿನದೆನಿಸುತ್ತದೆ. ಬೇರೆ ರೀತಿ ಅಳೆಯುವ ಆಟಗಳಿವೆಯೇ? (ಧಾರವಾಡದ ಓದುಗರು)

ಇವೆ. ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹೇಗನ್ ರೂಪಿಸಿ 1987ರಲ್ಲಿ ಹೊರಬಂದ ‘ಆರ್ಸ್ ಮ್ಯಾಜಿಕಾ’ವನ್ನು ನೀವು ನೋಡಲೇಬೇಕು. ಕಥೆ ನಡೆಯುವುದು ಹದಿಮೂರನೇ ಶತಮಾನದ ಯುರೋಪಿನಲ್ಲಿ. ಅಲ್ಲಿನ ಅಳತೆಗಳೂ ಆ ಕಾಲದ ಪಂಡಿತನೊಬ್ಬ ಬಳಸಬಹುದಾದಂಥವೇ. ರೇಂಜ್‌ಗಳು ಹೀಗಿವೆ: ತಾನೇ, ಸ್ಪರ್ಶ, ದನಿ, ದೃಷ್ಟಿ, ಕೊನೆಗೆ ಗುರಿಯಾದವನ ಕೂದಲು ಉಗುರುಗಳಂಥ ನಂಟಿನ ಮೂಲಕ ಎಷ್ಟೇ ದೂರ. ‘ದನಿ’ ಎಂದರೆ ಮಾಂತ್ರಿಕನ ದನಿ ಕೇಳುವಷ್ಟು ದೂರ. ಪಿಸುಗುಟ್ಟಿದರೆ ಅದು ಕುಗ್ಗುತ್ತದೆ, ಕೂಗಿದರೆ ಹಿಗ್ಗುತ್ತದೆ. ಪೊದೆಯಲ್ಲಿ ಅಡಗಿ ಕುಳಿತವನು ದೂರದ ಗುರಿಗೆ ಮಂತ್ರ ಹಾಕಬೇಕಾದರೆ ಕೂಗಿ ತನ್ನ ಇರವನ್ನು ಬಯಲು ಮಾಡಲೇಬೇಕು.

ಅವಧಿಗಳು ಆಕಾಶವನ್ನು ಅವಲಂಬಿಸಿವೆ. ‘ಡಯಾಮೀಟರ್’ ಎಂಬುದು ಸೂರ್ಯ ತನ್ನದೇ ಬಿಂಬದಷ್ಟು ಅಗಲ ಸರಿಯಲು ಹಿಡಿಯುವ ಸಮಯ. ಸೂರ್ಯಬಿಂಬ ಸುಮಾರು ಅರ್ಧ ಡಿಗ್ರಿ ಅಗಲವಿದೆ, ಆಕಾಶದಲ್ಲಿ ಒಂದು ಡಿಗ್ರಿ ಸರಿಯಲು ಅದಕ್ಕೆ ನಾಲ್ಕು ನಿಮಿಷ ಬೇಕು. ಹಾಗಾಗಿ ಡಯಾಮೀಟರ್ ಎಂದರೆ ಎರಡು ನಿಮಿಷ. ‘ಸನ್’ ಅವಧಿಯ ಮಂತ್ರ ಮುಂದಿನ ಸೂರ್ಯೋದಯ ಅಥವಾ ಸೂರ್ಯಾಸ್ತದವರೆಗೆ ಇರುತ್ತದೆ. ಮುಸ್ಸಂಜೆಗೆ ಸ್ವಲ್ಪ ಮುಂಚೆ ಹಾಕಿದರೆ ಕೆಲವೇ ನಿಮಿಷ, ಸೂರ್ಯ ಮುಳುಗಿದ ಮೇಲೆ ಹಾಕಿದರೆ ಇಡೀ ರಾತ್ರಿ. ದೂರವನ್ನೋ ಅವಧಿಯನ್ನೋ ಒಂದೊಂದು ಮೆಟ್ಟಿಲು ಏರಿಸಿದಂತೆ ಮಂತ್ರದ ಮಟ್ಟವೂ ಏರಿ, ಅದನ್ನು ಸಾಧಿಸುವುದು ಕಷ್ಟವಾಗುತ್ತದೆ. ಅಡಿಗಳ ಲೆಕ್ಕ ಬೇಡವೆನ್ನುವ ನಿಮಗೆ ಇಲ್ಲಿ ಬೇರೊಂದು ಬಗೆಯ ಲೆಕ್ಕ ಕಾದಿದೆ ಎಂಬುದನ್ನು ಮೊದಲೇ ಹೇಳುವುದು ನ್ಯಾಯ.

ಪ್ರಶ್ನೆ: ನಾನು ಹೊಸದಾಗಿ ಡಂಜನ್ ಮಾಸ್ಟರ್ ಆಗಿದ್ದೇನೆ. ಯಾರ ಮಂತ್ರ ಯಾವಾಗ ಮುಗಿಯುತ್ತದೆ ಎಂದು ನೆನಪಿಡುವುದು ಹೇಗೆ? (ಬೆಂಗಳೂರಿನ ಓದುಗರು)

ಎಲ್ಲವನ್ನೂ ಎಣಿಸಲು ಹೋಗಬೇಡಿ. ಅವಧಿಗಳು ಆಟದ ಹಂತಗಳಿಗೆ ಹೊಂದಿಕೊಂಡಿವೆ. ಒಂದು ನಿಮಿಷ ಎಂದರೆ ಹತ್ತು ರೌಂಡ್, ಅಂದರೆ ಬಹುಮಟ್ಟಿಗೆ ಒಂದು ಕಾಳಗ. ಹತ್ತು ನಿಮಿಷ ಎಂದರೆ ಕಾಳಗ ಮತ್ತು ಆಮೇಲಿನ ಕೋಣೆಯ ಶೋಧ. ಒಂದು ಗಂಟೆ ಎಂದರೆ ಒಂದು ಶಾರ್ಟ್ ರೆಸ್ಟ್‌ನೊಳಗೆ (ತಂಡದ ಕಿರು ವಿಶ್ರಾಂತಿಯೊಳಗೆ) ಮುಗಿದುಹೋಗುವಷ್ಟು. ಮೈಗೆ ಕವಚವಾಗುವ ಮೇಜ್ ಆರ್ಮರ್‌ನಂತಹ ಎಂಟು ಗಂಟೆಯ ಮಂತ್ರ ಒಂದು ದಿನದ ಸಾಹಸದ ಬಹುಪಾಲಿಗೆ ಸಾಕು. ಕಾಳಗದಲ್ಲಿ ಹತ್ತು ಮುಖದ ದಾಳವೊಂದನ್ನು ಮಂತ್ರ ಹಾಕಿದವರ ಎದುರು ಇಡಿ, ಅವರ ಸರದಿ ಬಂದಾಗಲೆಲ್ಲ ಅವರೇ ಒಂದು ಸಂಖ್ಯೆ ಇಳಿಸಲಿ. ಕಾಳಗದ ಹೊರಗೆ, ಮಂತ್ರ ಹಾಕಿದ ಕಥೆಯೊಳಗಿನ ಸಮಯವನ್ನು ಬರೆದಿಟ್ಟುಕೊಂಡರೆ ಸಾಕು.

ಫ್ಲೈ ಮಂತ್ರವನ್ನು ಮಾತ್ರ ಕಟ್ಟುನಿಟ್ಟಾಗಿ ಎಣಿಸಿ. ಅದು ಹೆಚ್ಚೆಂದರೆ ಹತ್ತು ನಿಮಿಷ, ರೌಂಡಿಗೆ 60 ಅಡಿ. ಒಟ್ಟು 6,000 ಅಡಿ, ಅಂದರೆ ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು. ಕಣಿವೆ ಅದಕ್ಕಿಂತ ಅಗಲವಿದ್ದರೆ, ಅಥವಾ ನಡುವೆ ಬಾಣವೊಂದು ತಾಗಿ ಏಕಾಗ್ರತೆ ಮುರಿದರೆ, ಹಾರುತ್ತಿದ್ದವನು ಬೀಳುತ್ತಾನೆ; ಪ್ರತಿ 10 ಅಡಿಗೆ ಒಂದು ಆರು ಮುಖದ ದಾಳದಷ್ಟು ಪೆಟ್ಟು, ಹೆಚ್ಚೆಂದರೆ 20 ದಾಳ. ತಂಡದಲ್ಲಿ ಯಾರಿಗಾದರೂ ಫೆದರ್ ಫಾಲ್ ಬಂದರೆ 60 ಅಡಿಯೊಳಗೆ ಬೀಳುತ್ತಿರುವ ಐವರನ್ನು ರಿಯಾಕ್ಷನ್‌ನಲ್ಲೇ ಹಿಡಿಯಬಹುದು. ಅದರ ಅವಧಿ ಒಂದು ನಿಮಿಷ, ಇಳಿಯುವ ವೇಗ ರೌಂಡಿಗೆ 60 ಅಡಿ. ಆದ್ದರಿಂದ 600 ಅಡಿಗಿಂತ ಎತ್ತರದಿಂದ ಬಿದ್ದವರಿಗೆ ಅದು ನೆಲ ಸಿಗುವ ಮೊದಲೇ ಮುಗಿಯುತ್ತದೆ, ಎರಡನೇ ಸಲ ಹಾಕಲು ಇನ್ನೊಂದು ಸ್ಪೆಲ್ ಸ್ಲಾಟ್ (ಮಂತ್ರ ಹಾಕುವ ಸೀಮಿತ ಅವಕಾಶ) ಉಳಿಸಿಕೊಂಡಿರಬೇಕು.